ಮಿಯಾಪುರದಾಚೆಯ ಜೋಡಿ ಎಮ್ಮೆ

ಎಮ್ಮೆ ಇನ್ನೊಂದು ಎಮ್ಮೆಗೆ ಸಹಾಯ ಮಾಡುತ್ತದೆಯೇ? ಹೀಗೆ ಕೇಳಿದರೆ ಜನ ಮೊದಲು ನಗುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ, ಕೊನೆಗೆ ಇದಕ್ಕೂ ಸಂಬಳ ಕೊಡುತ್ತಾರಾ ಎನ್ನುತ್ತಾರೆ. ಅಮೀರ್‌ಪೇಟೆಯ ನಮ್ಮ ಹಾಸ್ಟೆಲಿನಲ್ಲಿ ಉಳಿದ ಹುಡುಗಿಯರೆಲ್ಲ ಸಾಫ್ಟ್‌ವೇರ್ ಕೋರ್ಸಿಗೆ ಬಂದವರು. ಅವರು ಲ್ಯಾಪ್‌ಟಾಪ್ ಹೆಗಲಿಗೇರಿಸಿ ಹೊರಟರೆ ನಾನು ಗಮ್‌ಬೂಟು ತುಂಬಿದ ಚೀಲ ಹಿಡಿದು ಮಿಯಾಪುರದ ಮೆಟ್ರೋ ಹತ್ತುತ್ತಿದ್ದೆ. ಸಂಜೆ ಹಿಂತಿರುಗುವಾಗ ಎಷ್ಟೇ ನೂಕುನುಗ್ಗಲಿದ್ದರೂ ನನ್ನ ಪಕ್ಕದ ಸೀಟು ಖಾಲಿಯೇ ಇರುತ್ತಿತ್ತು. ಆ ಕೆಲಸದಲ್ಲಿ ನನಗೆ ಸಿಕ್ಕ ಒಂದೇ ಸವಲತ್ತು ಅದು.

ಮಿಯಾಪುರದಲ್ಲಿ ಇಳಿದು ಶೇರ್ ಆಟೋ ಹಿಡಿದು ಹೋದರೆ, ಎತ್ತರದ ಅಪಾರ್ಟ್‌ಮೆಂಟುಗಳ ಸಾಲು ಮುಗಿಯುವಲ್ಲಿ ಒಂದು ತಬೇಲಾ ಇತ್ತು. ತಗಡಿನ ಚಾವಣಿ, ನಡುವೆ ಸಿಮೆಂಟಿನ ಓಣಿ, ಓಣಿಯ ಎರಡೂ ಬದಿಗೆ ಗೋದಲಿ, ಗೋದಲಿಗೆ ಮುಖಮಾಡಿ ಕಟ್ಟಿದ ಎಮ್ಮೆಗಳು. ಮಾಲೀಕರು ಬೀದರ್ ಕಡೆಯ ಗೌಳಿ ಮನೆತನದವರು. ಅವರ ಅಜ್ಜನ ಕಾಲಕ್ಕೇ ಹೈದರಾಬಾದಿಗೆ ಬಂದು ನೆಲೆಸಿದ್ದರು. ನನ್ನ ಊರು ಹುಮನಾಬಾದಿನ ಹತ್ತಿರ ಎಂದು ಗೊತ್ತಾದ ಮೇಲೆಯೇ ಅವರು ಗೇಟು ತೆಗೆದದ್ದು. ಅದಕ್ಕೂ ಮೊದಲು ನನ್ನ ಸಂಶೋಧನಾ ಸಂಸ್ಥೆಯ ಪತ್ರವನ್ನು ಅವರು ಕೈಯಲ್ಲೂ ಮುಟ್ಟಿರಲಿಲ್ಲ.

"ಎಮ್ಮಿ ಮ್ಯಾಲ ಪಿಎಚ್‌ಡಿ? ನಮ್ಮಪ್ಪ ಜಿಂದಗೀಪೂರಾ ಎಮ್ಮಿ ಬಾಲ ಹಿಡಕೊಂಡು ತಿರಗ್ಯಾನ. ಅಂವಗ ಯಾರೂ ಡಾಕ್ಟರ್ ಸಾಬ್ ಅಂತ ಅನಲಿಲ್ಲ ನೋಡು ಬೇಟಾ" ಎಂದರು.

"ಎಮ್ಮಿಗೋಳ ನಡುವ ದೋಸ್ತಿ ಇರ್ತದೇನು ನೋಡ್ಬೇಕಾಗ್ಯಾದ್ರಿ ಕಾಕಾ" ಎಂದೆ.

"ನೋಡು, ನೋಡು. ನೋಡೂದಕ್ಕ ಪೈಸಾ ಬೀಳಂಗಿಲ್ಲ. ಆದ್ರ ಹಾಲು ನೋಡಬ್ಯಾಡ."

ಅಲ್ಲಿಂದಲೇ ತೊಂದರೆ ಶುರುವಾಯಿತು. ಹೊರಗಿನವರ ಕಣ್ಣು ಹಾಲಿನ ಮೇಲೆ ಬೀಳಬಾರದು ಎಂಬುದು ಆ ಮನೆಯ ಕಟ್ಟಳೆ. ಹಾಲು ಕರೆಯುವಾಗ ಬಕೆಟ್ಟಿನ ಬಾಯಿಗೆ ಬಟ್ಟೆ ಬೀಳುತ್ತಿತ್ತು. ನಾನು ಕಂಬಕ್ಕೆ ಕಟ್ಟಿದ ಕ್ಯಾಮೆರಾಕ್ಕೆ ಮೊದಲ ದಿನವೇ ಗೋಣಿಚೀಲದ ಟೊಪ್ಪಿಗೆ ಬಿತ್ತು. ನಾನು ಅಳತೆ ಮಾಡಬೇಕಿದ್ದ ವಿಷಯಗಳಲ್ಲಿ ಅರ್ಧ ಹಾಲು ಕರೆಯುವ ಹೊತ್ತಿನವೇ. ಎಮ್ಮೆ ನೆಮ್ಮದಿಯಾಗಿದ್ದರೆ ಬೇಗ ಹಾಲು ಇಳಿಸುತ್ತದೆ, ಗಾಬರಿಯಲ್ಲಿದ್ದರೆ ತಡೆಹಿಡಿಯುತ್ತದೆ. ಪಕ್ಕದಲ್ಲಿ ಗೆಳತಿ ಇದ್ದರೆ ಅದರಲ್ಲಿ ವ್ಯತ್ಯಾಸ ಬೀಳುತ್ತದೆಯೇ ಎಂಬುದು ನನ್ನ ಅಧ್ಯಯನದ ಬೆನ್ನೆಲುಬು. ಆ ಬೆನ್ನೆಲುಬಿಗೇ ಗೋಣಿಚೀಲ ಮುಚ್ಚಿದ್ದರು.

ಬಹಳ ವಾದ ನಡೆದು ಕೊನೆಗೆ ಕಾಕಾ ಒಂದು ಪರಿಹಾರ ಹೇಳಿದರು. ಹಸಿದವರ ಕಣ್ಣು ತಾಗುತ್ತದೆ, ಉಂಡವರ ಕಣ್ಣು ತಾಗುವುದಿಲ್ಲ. ಆದ್ದರಿಂದ ಮೊದಲ ಎಮ್ಮೆಯ ಹಾಲು ಕರೆದ ಕೂಡಲೇ ನಾನು ಗೇಟಿನ ಹತ್ತಿರ ಅವರ ಮಂಚದ ಬಳಿ ಕೂತು ಒಂದು ತಂಬಿಗೆ ನೊರೆಹಾಲು ಕುಡಿಯಬೇಕು. ಕುಡಿದ ಮೇಲೆ ಒಳಗೆ ಹೋಗಿ ಏನು ಬೇಕಾದರೂ ನೋಡಬಹುದು, ಕ್ಯಾಮೆರಾದ ಟೊಪ್ಪಿಗೆಯನ್ನೂ ತೆಗೆಯಬಹುದು. ನನಗೆ ಚಿಕ್ಕಂದಿನಿಂದ ಹಾಲೆಂದರೆ ಆಗದು. ವಿಜ್ಞಾನಕ್ಕಾಗಿ ಏನೇನೋ ತ್ಯಾಗ ಮಾಡಿದವರಿದ್ದಾರೆ ಎಂದು ಮನಸ್ಸಿಗೆ ಹೇಳಿಕೊಂಡು ಮೂಗು ಹಿಡಿದು ಕುಡಿದೆ. ಬೆಳಗಿನ ಕರೆಯುವಿಕೆ ಮೆಟ್ರೋ ಓಡುವ ಮೊದಲೇ ಮುಗಿದುಹೋಗುತ್ತಿದ್ದುದರಿಂದ ನನ್ನ ಪಾಲಿಗೆ ಮಧ್ಯಾಹ್ನದ್ದು ಮಾತ್ರ ಬಂತು. ಇಲ್ಲದಿದ್ದರೆ ದಿನಕ್ಕೆ ಎರಡು ತಂಬಿಗೆ ಆಗುತ್ತಿತ್ತು.

ಎರಡನೆಯ ಕಷ್ಟ ಗುರುತಿನದು. ಯಾವ ಎಮ್ಮೆ ಯಾವುದರ ಪಕ್ಕ ಮಲಗಿತು, ಯಾವುದು ಯಾವುದರ ಕತ್ತು ನೆಕ್ಕಿತು, ಯಾವುದು ಕೋಡು ತೋರಿಸಿ ದೂರ ಅಟ್ಟಿತು ಎಂದು ಹೊತ್ತುಹೊತ್ತಿಗೆ ಗುರುತು ಹಾಕಿಕೊಳ್ಳಬೇಕು. ಕಪ್ಪು ಎಮ್ಮೆಗಳ ಸಾಲಿನಲ್ಲಿ ದೂರದಿಂದ ಎಲ್ಲವೂ ಒಂದೇ. ಸೊಂಟದ ಮೇಲೆ ಸುಣ್ಣದಲ್ಲಿ ಅಂಕಿ ಬರೆದೆ. ಮಧ್ಯಾಹ್ನ ಅವು ತಬೇಲಾದ ಹಿಂದಿನ ಕುಂಟೆಯ, ಅಂದರೆ ಸಣ್ಣ ಕೆರೆಯ ಕೆಸರಿನಲ್ಲಿ ಹೊರಳಿ ಎದ್ದು ಬಂದಾಗ ಅಂಕಿಯೂ ಇಲ್ಲ, ಸುಣ್ಣವೂ ಇಲ್ಲ. ಸುಲ್ತಾನ್ ಬಜಾರಿಗೆ ಹೋಗಿ ಬಣ್ಣಬಣ್ಣದ ದಪ್ಪ ರಿಬ್ಬನ್ ತಂದು ಕೊರಳಿಗೆ ಕಟ್ಟಿದೆ. ಅವು ಒಂದರ ರಿಬ್ಬನ್ನನ್ನು ಇನ್ನೊಂದು ತಿನ್ನತೊಡಗಿದವು. ಇದನ್ನು ಪರಸ್ಪರ ಸಹಾಯ ಎಂದು ಬರೆಯಬಹುದೇ ಎಂದು ನನ್ನ ಮಾರ್ಗದರ್ಶಕರನ್ನು ಕೇಳಿದೆ. ಅವರು ಬಳ್ಳಾರಿ ಕಡೆಯವರು, ತಮಾಷೆ ಅವರಿಗೆ ಅಷ್ಟಾಗಿ ಒಗ್ಗದು. ಹೊಟ್ಟೆಯಲ್ಲಿ ರಿಬ್ಬನ್ ಸಿಕ್ಕಿಕೊಂಡೀತು, ಮೊದಲು ಉಳಿದದ್ದನ್ನು ಬಿಚ್ಚಮ್ಮ ಎಂದರು. ಬಿಚ್ಚಿದೆ. ಕೊನೆಗೆ ಕೋಡು, ಕಿವಿ, ಮೂಗಿನ ಮೇಲಿನ ಗಾಯದ ಗುರುತು ನೋಡಿ ಒಂದೊಂದನ್ನೇ ಬಾಯಿಪಾಠ ಮಾಡಿದೆ.

ಹಾಗೆ ಬಾಯಿಪಾಠ ಮಾಡುವಾಗ ಕಣ್ಣಿಗೆ ಬಿದ್ದ ಜೋಡಿ ಕುರುಡಿ ಮತ್ತು ಮೋಟಿ. ಕುರುಡಿಯ ಎರಡೂ ಕಣ್ಣಿಗೆ ಹೂವು ಬಿದ್ದು ಬಿಳಿಚಿಕೊಂಡಿದ್ದವು, ಆದರೆ ಹಾಲಿನಲ್ಲಿ ಅದು ಇಡೀ ತಬೇಲಾಕ್ಕೆ ಮುಂದು. ಮೋಟಿಯ ಬಾಲ ಯಾವುದೋ ಕಾಲದಲ್ಲಿ ಅರ್ಧಕ್ಕೆ ತುಂಡಾಗಿತ್ತು, ಅದಕ್ಕೇ ಆ ಹೆಸರು. ಅದರ ಹಾಲು ಬತ್ತುತ್ತ ಬಂದಿತ್ತು, ಮತ್ತೆ ಗಬ್ಬ ನಿಂತಿರಲಿಲ್ಲ. ಎರಡನ್ನೂ ಅಕ್ಕಪಕ್ಕ ಕಟ್ಟುತ್ತಿದ್ದರು. ಮಧ್ಯಾಹ್ನ ಕುಂಟೆಗೆ ಬಿಟ್ಟಾಗ ಉಳಿದವು ನುಗ್ಗಿ ಓಡಿದರೆ ಮೋಟಿ ಗೇಟಿನ ಹತ್ತಿರ ನಿಂತುಬಿಡುತ್ತಿತ್ತು. ಕುರುಡಿ ತಡವರಿಸುತ್ತ ಬಂದು ಅದರ ಸೊಂಟದ ಮೇಲೆ ಗದ್ದ ಇಡುತ್ತಿತ್ತು. ಆಮೇಲೆ ಎರಡೂ ಇಳಿಜಾರಿನಲ್ಲಿ ನಿಧಾನವಾಗಿ ನೀರಿಗೆ ಹೋಗುತ್ತಿದ್ದವು.

ಅದನ್ನು ಮೊದಲ ಸಲ ನೋಡಿದ ದಿನ ನನಗೆ ಕುಣಿಯುವಷ್ಟು ಖುಷಿಯಾಯಿತು. ಮೊಬೈಲಿನಲ್ಲಿ ಚಿತ್ರೀಕರಿಸಿ ಮಾರ್ಗದರ್ಶಕರಿಗೆ ಕಳಿಸಿದೆ. ಅವರು ಫೋನ್ ಮಾಡಿದರು.

"ನೋಡಮ್ಮ, ಎಮ್ಮೆ ನಿಂತಿತು ಅನ್ನೋದು ನೀನು ನೋಡಿದ್ದು. ಕಾಯ್ತಾ ಇತ್ತು ಅನ್ನೋದು ನೀನು ಕಟ್ಟಿದ ಕಥೆ."

"ದಿನಾ ನಿಲ್ಲುತ್ತೆ ಸರ್."

"ದಿನಾ ಯಾಕೆ ನಿಲ್ಲುತ್ತೆ ಅನ್ನೋದೇ ನಿನ್ನ ಕೆಲಸ."

ತಬೇಲಾದಲ್ಲಿ ಹಾಲು ಕರೆಯುವವನು ಯಾದಗಿರಿ ಕಡೆಯಿಂದ ಬಂದವನು, ನನಗಿಂತ ಸ್ವಲ್ಪ ದೊಡ್ಡವನು. ಅವನ ಅಭಿಪ್ರಾಯವೂ ಮಾರ್ಗದರ್ಶಕರದ್ದೇ, ಹೇಳುವ ರೀತಿ ಮಾತ್ರ ಬೇರೆ. "ಸಹಾಯ ಗಿಹಾಯ ಏನೂ ಅಲ್ರಿ ಅಕ್ಕೋರ. ಮೋಟಿ ಮೈಗಳ್ಳಿ ಐತಿ. ನಡಿಯಾಕ ಬ್ಯಾಸರಾಗಿ ನಿಂದರತೈತಿ. ಕುರುಡಿಗೆ ಏನ್ ಗೊತ್ರಿ, ಎದುರಿಗಿ ಗ್ವಾಡಿ ಸಿಕ್ಕರೂ ಗದ್ದ ಇಡತೈತಿ."

ಇಬ್ಬರ ಮೇಲೂ ಸಿಟ್ಟು ಬಂತು, ಯಾಕೆಂದರೆ ಇಬ್ಬರೂ ಹೇಳಿದ್ದು ಸುಳ್ಳೆಂದು ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಹಾಗಾಗಿ ಪರೀಕ್ಷೆ ಶುರುಮಾಡಿದೆ. ಕುರುಡಿಯನ್ನು ಒಳಗೇ ಕಟ್ಟಿಹಾಕಿ ಮೋಟಿಯನ್ನು ಬಿಡಿಸಿದೆ. ಮೈಗಳ್ಳಿಯಾಗಿದ್ದರೆ ಆಗಲೂ ಗೇಟಿನಲ್ಲಿ ನಿಲ್ಲಬೇಕು. ಮೊದಲ ದಿನ ನಿಂತಿತು. ಎರಡನೆಯ ದಿನ ಹಿಂದೆ ಮುಂದೆ ನೋಡದೆ ನೇರ ಕುಂಟೆಗೆ ಹೋಯಿತು. ಮೂರನೆಯ ದಿನ ಗೇಟಿನಲ್ಲಿ ನಿಂತು, ಒಳಗೆ ತಿರುಗಿ ಬಂದು, ಕುರುಡಿಯ ಪಾಲಿನ ಹಿಂಡಿಯನ್ನು ತಿಂದಿತು. ಇದನ್ನು ಯಾವ ಕಾಲಮ್ಮಿನಲ್ಲಿ ತುಂಬಲಿ? ಕುರುಡಿಯ ಹಿಂದೆ ಬೇರೆ ಎಮ್ಮೆ ಬಿಟ್ಟೆ, ಮೋಟಿಯ ಜಾಗದಲ್ಲಿ ಬೇರೆ ಎಮ್ಮೆ ನಿಲ್ಲಿಸಿದೆ. ಬೇರೆ ಎಮ್ಮೆ ಕುರುಡಿಯ ಗದ್ದ ತಾಗಿದ ಕೂಡಲೇ ಒದ್ದು ಓಡಿತು. ಅದೊಂದು ಉತ್ತರವೇನೋ ಹೌದು. ಆದರೆ ಮೋಟಿ ಒದೆಯುವುದಿಲ್ಲ ಎಂದರೆ ಸಹಿಸಿಕೊಳ್ಳುತ್ತದೆ ಎಂದಷ್ಟೇ ಆಯಿತು. ಸಹಿಸುವುದು ಬೇರೆ, ಸಹಾಯ ಬೇರೆ. ಮನುಷ್ಯರ ವಿಷಯದಲ್ಲೇ ಈ ವ್ಯತ್ಯಾಸ ಹೇಳಲು ಬರುವುದಿಲ್ಲ, ಇನ್ನು ಎಮ್ಮೆಯ ವಿಷಯದಲ್ಲಿ ಹೇಗೆ ಹೇಳುವುದು ಎಂದು ತಲೆ ಕೆಡುತ್ತಿತ್ತು.

ಕುಂಟೆಯ ದಾರಿಯಲ್ಲಿ ಫಲಿತಾಂಶ ಹೀಗೆ ಜಾರುತ್ತಿದ್ದರೂ ಹಾಲು ಕರೆಯುವ ಹೊತ್ತಿನ ಲೆಕ್ಕ ಮಾತ್ರ ಅಚ್ಚುಕಟ್ಟಾಗಿ ಬರುತ್ತಿತ್ತು. ಕೆಚ್ಚಲಿಗೆ ಕೈ ಹಾಕಿದ ಕ್ಷಣದಿಂದ ಮೊದಲ ಧಾರೆ ಬೀಳುವವರೆಗಿನ ಸಮಯವನ್ನು ಸ್ಟಾಪ್‌ವಾಚ್‌ನಲ್ಲಿ ಹಿಡಿಯುತ್ತಿದ್ದೆ. ಎಲ್ಲ ಎಮ್ಮೆಗಳೂ ಬೇಗಬೇಗ ಹಾಲು ಇಳಿಸುತ್ತಿದ್ದವು. ಕುರುಡಿಯೂ ಅಷ್ಟೇ ಬೇಗ, ಮೋಟಿ ಪಕ್ಕದಲ್ಲಿರಲಿ, ಬಿಡಲಿ. ಯಾವ ವ್ಯತ್ಯಾಸವೂ ಇಲ್ಲ. ಅಂದರೆ ಗೆಳೆತನದಿಂದ ಏನೂ ಆಗುವುದಿಲ್ಲ. ಬೇಸಿಗೆ ಏರುವ ಹೊತ್ತಿಗೆ ನಾನು ಸೋತೆ ಎಂದು ಒಪ್ಪಿಕೊಳ್ಳುವ ಹಂತಕ್ಕೆ ಬಂದಿದ್ದೆ.

ಒಂದು ದಿನ ಗಾಳಿಗೆ ಕ್ಯಾಮೆರಾದ ಗೋಣಿಚೀಲ ನಾನು ತೆಗೆಯುವ ಮೊದಲೇ ಜಾರಿಬಿತ್ತು. ಯಾರೂ ಗಮನಿಸಲಿಲ್ಲ. ಹಾಸ್ಟೆಲಿಗೆ ಬಂದು ನೋಡಿದರೆ, ನಾನು ಕಾಕಾನ ಮಂಚದ ಬಳಿ ಮೂಗು ಹಿಡಿದು ಹಾಲು ಕುಡಿಯುತ್ತಿದ್ದ ಹೊತ್ತಿನಲ್ಲಿ ಹಾಲು ಕರೆಯುವವನು ಓಣಿಯುದ್ದಕ್ಕೂ ನಡೆದು ಒಂದೊಂದು ಎಮ್ಮೆಗೂ ಸೂಜಿ ಚುಚ್ಚುತ್ತಿದ್ದ. ಹಾಲು ಇಳಿಸುವ ಸೂಜಿ. ಅದು ನಿಷಿದ್ಧ, ಆದರೂ ಕಳ್ಳದಾರಿಯಲ್ಲಿ ಸಿಗುತ್ತದೆ. ಅದರಲ್ಲಿರುವುದು ಆಕ್ಸಿಟೋಸಿನ್, ಅಂದರೆ ತಾಯಿ ಕರುವನ್ನು ನೆಕ್ಕುವಾಗ, ಗೆಳತಿ ಗೆಳತಿಯ ಪಕ್ಕ ಮಲಗಿದಾಗ ಮೈಯಲ್ಲಿ ತಾನಾಗಿ ಹರಿಯುವ ರಸವೇ. ನಾನು ಗೆಳೆತನದ ಗುರುತು ಹುಡುಕುತ್ತ ಕೂತಿದ್ದೆ, ಅವನು ಅದನ್ನು ಸೀಸೆಯಿಂದ ತೆಗೆದು ಎಲ್ಲರಿಗೂ ಸಮನಾಗಿ ಹಂಚುತ್ತಿದ್ದ. ವ್ಯತ್ಯಾಸ ಎಲ್ಲಿಂದ ಬರಬೇಕು?

ಮರುದಿನ ನಾನು ತಂಬಿಗೆ ಮುಟ್ಟಲಿಲ್ಲ. ಹಾಲು ಕರೆಯುವವನ ಮುಂದೆ ನಿಂತು ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ತಣ್ಣಗೆ ಕೇಳಿಸಿಕೊಂಡ.

"ನೀವು ಕೇಳಿದ್ರೇನ್ರಿ ಅಕ್ಕೋರ, ಸೂಜಿ ಹಾಕತೀರೇನು ಅಂತ?"

"ಕೇಳಿದ್ರ ಹೇಳತಿದ್ದಿ ಏನಣ್ಣಾ?"

"ಇಲ್ರಿ" ಎಂದು ನಕ್ಕ. "ನನ್ನ ಕೈಯಾಗ ಏನೈತ್ರಿ? ಹಾಲಿನ ವ್ಯಾನ್ ಬರೂದ್ರಾಗ ಇಷ್ಟೂ ಎಮ್ಮಿ ಹಿಂಡಬೇಕು. ಒಂದೊಂದರ ಮೈ ಸವರಿ ಕೂಡ್ರಾಕ ಟೈಮ್ ಎಲ್ಲೈತಿ?"

ಅಷ್ಟೂ ದಿನದ ಹಾಲಿನ ಲೆಕ್ಕವನ್ನು ತೆಗೆದುಹಾಕಬೇಕಾಯಿತು. ಅಳಿಸುವಾಗ ಕಣ್ಣಲ್ಲಿ ನೀರು ಬಂತು, ದುಃಖಕ್ಕಲ್ಲ, ಸಿಟ್ಟಿಗೆ. ಮಾರ್ಗದರ್ಶಕರು, ಹೊಸದಾಗಿ ಶುರುಮಾಡು, ಆದರೆ ಹೆಚ್ಚಿನ ಅವಧಿ ಕೇಳಬೇಡ, ಕೊಡುವುದು ನನ್ನ ಕೈಯಲ್ಲಿಲ್ಲ ಎಂದರು. ನಾನು ಕಾಕಾನ ಮಂಚದ ಬಳಿ ಹೋಗಿ ಕೂತೆ. ಇಡೀ ತಬೇಲಾ ಬೇಡ, ಕುರುಡಿ, ಮೋಟಿ ಇರುವ ಒಂದು ಸಾಲಿಗಾದರೂ ಸೂಜಿ ನಿಲ್ಲಿಸಿ ಎಂದೆ. ಸೂಜಿಯಿಂದ ಎಮ್ಮೆ ಹೇಗೆ ಕೆಡುತ್ತದೆ, ಗಬ್ಬ ನಿಲ್ಲುವುದಕ್ಕೆ ಹೇಗೆ ತೊಂದರೆಯಾಗಬಹುದು, ಸಿಕ್ಕಿಬಿದ್ದರೆ ಏನಾಗುತ್ತದೆ, ಎಲ್ಲ ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸುತ್ತಿದ್ದೇನೆ ಎಂದೇ ಅಂದುಕೊಂಡಿದ್ದೆ. ಆದರೆ ಕಾಕಾ, "ನಮ್ಮಪ್ಪ ಇದ್ದಾಗ ಸೂಜಿ ಗೀಜಿ ಇರಲಿಲ್ಲ. ಆಯ್ತು ಬೇಟಾ. ಆ ಸಾಲಿಗಿ ಸೂಜಿ ಬಂದ್. ಜಬಾನ್ ಕೊಟ್ಟೀನಿ" ಎಂದರು. ಮಾತು ಉಳಿಸಿಕೊಂಡರು ಕೂಡ. ಹಾಲು ಕರೆಯುವವನು ಮಾತ್ರ ಆ ಸಾಲಿಗೆ ಬಂದಾಗಲೆಲ್ಲ ನನಗೆ ಕೇಳುವಂತೆ ನಿಟ್ಟುಸಿರು ಬಿಡುತ್ತಿದ್ದ.

ಸೂಜಿ ನಿಂತ ಮೇಲೆ ಎಮ್ಮೆಗಳು ತಮ್ಮ ತಮ್ಮ ಸ್ವಭಾವಕ್ಕೆ ಮರಳಿದವು. ಒಂದು ಬೇಗ, ಒಂದು ತಡ, ಒಂದಕ್ಕೆ ಮುಂದೆ ಹಿಂಡಿ ಇಡದಿದ್ದರೆ ಇಲ್ಲವೇ ಇಲ್ಲ. ಅವು ನೆಲೆಗೊಳ್ಳುವವರೆಗೆ ಕಾದು, ಆಮೇಲೆ ಬೇರ್ಪಡಿಸುವ ಪರೀಕ್ಷೆ ಮಾಡಿದೆ. ಒಂದು ವಾರ ಮೋಟಿ ಕುರುಡಿಯ ಪಕ್ಕ. ಮುಂದಿನ ವಾರ ಮೋಟಿ ಓಣಿಯಾಚೆ, ಕುರುಡಿಯ ಪಕ್ಕ ಬೇರೊಂದು ಎಮ್ಮೆ. ಮತ್ತೊಂದು ವಾರ ಮೋಟಿ ಮತ್ತೆ ಪಕ್ಕಕ್ಕೆ. ಹಿಂಡಿ, ಹೊತ್ತು, ಕರೆಯುವ ಕೈ, ಯಾವುದೂ ಬದಲಾಗದಂತೆ ನೋಡಿಕೊಂಡೆ.

ಮೋಟಿ ಪಕ್ಕದಲ್ಲಿದ್ದಾಗ ಕುರುಡಿ ಸಲೀಸಾಗಿ ಹಾಲು ಇಳಿಸಿತು. ಮೋಟಿಯನ್ನು ಓಣಿಯಾಚೆ ಕಟ್ಟಿದ ವಾರ ಕಿವಿ ನಿಗುರಿಸಿ, ಹಗ್ಗ ಜಗ್ಗಿ, ಹಿಂಗಾಲು ಎತ್ತಿ ಎತ್ತಿ ಇಟ್ಟಿತು. ಹಾಲು ಕರೆಯುವವನ ಕೈ ಸೋತಿತು, ಬಕೆಟ್ಟಿನಲ್ಲಿ ತಳ ಕಾಣುತ್ತಿತ್ತು. ಮೋಟಿ ಓಣಿಯಾಚೆಯಿಂದ ಗುರುಗುಟ್ಟಿದರೆ ಕುರುಡಿಯ ಕಿವಿ ಆ ಕಡೆ ತಿರುಗುತ್ತಿತ್ತು. ಮೋಟಿಯನ್ನು ಮರಳಿ ಕಟ್ಟಿದ ದಿನ ಅದು ಮಾಡಿದ ಮೊದಲ ಕೆಲಸ ಕುರುಡಿಯ ಕಣ್ಣಿನ ಸುತ್ತಲಿನ ಪಿಸುರನ್ನು ನೆಕ್ಕಿ ತೆಗೆದದ್ದು. ಆ ವಾರ ಹಾಲು ಮತ್ತೆ ಮೊದಲಿನಂತಾಯಿತು. ಫೋನಿನಲ್ಲಿ ಮಾರ್ಗದರ್ಶಕರು ಒಂದೊಂದು ಅಂಕಿಯನ್ನೂ ಮತ್ತೊಮ್ಮೆ ಓದಿಸಿಕೊಂಡರು. ಆಮೇಲೆ, "ಇನ್ನೊಂದು ಸಲ ಮಾಡಮ್ಮ. ಎರಡನೇ ಸಲವೂ ಹೀಗೇ ಬಂದರೆ ನಾನೇ ಬರೀತೀನಿ ನಿನ್ನ ಪರವಾಗಿ" ಎಂದರು. ಆ ಇಡೀ ಅವಧಿಯಲ್ಲಿ ನನಗೆ ಗೆದ್ದೆ ಅನ್ನಿಸಿದ್ದು ಅವತ್ತೊಂದೇ ದಿನ. ಮೆಟ್ರೋದಲ್ಲಿ ಪಕ್ಕದ ಸೀಟು ಖಾಲಿಯಿದ್ದದ್ದು ಅವತ್ತು ಕಣ್ಣಿಗೇ ಬೀಳಲಿಲ್ಲ.

ಎರಡನೇ ಸುತ್ತು ಶುರುವಾಗುವ ಮೊದಲೇ, ಕಾಕಾನನ್ನು ಸೇಠು ಎನ್ನುತ್ತಿದ್ದ ಹಾಲು ಕರೆಯುವವನು ಸುದ್ದಿ ಹೇಳಿದ. "ಅಕ್ಕೋರ, ನಿಮ್ಮ ಮೋಟಿ ಹೊಂಟೈತ್ರಿ. ಸೇಠು ದಲ್ಲಾಳಿಗಿ ಫೋನ್ ಮಾಡ್ಯಾರ. ಹರಿಯಾಣದ ಲಾರಿ ಬರಾಕತ್ತೈತಿ, ಜಾಗ ಬೇಕಲ್ರಿ."

ನಗರದ ತಬೇಲಾಗಳು ನಡೆಯುವುದೇ ಹಾಗೆ. ಹೊಸದಾಗಿ ಈದ ಎಮ್ಮೆಯನ್ನು ದೂರದಿಂದ ತರುತ್ತಾರೆ, ಹಾಲು ಇರುವಷ್ಟು ಕಾಲ ಕಟ್ಟುತ್ತಾರೆ, ಬತ್ತಿದ ಮೇಲೆ ಕಳಿಸುತ್ತಾರೆ. ಮೇಯಲು ನೆಲವಿಲ್ಲದ ಊರಲ್ಲಿ ಬತ್ತಿದ ಎಮ್ಮೆಯನ್ನು ಇಟ್ಟುಕೊಂಡು ಯಾರೂ ಸಾಕುವುದಿಲ್ಲ. ಬತ್ತಿದ, ಗಬ್ಬವಾಗದ ಎಮ್ಮೆ ದಲ್ಲಾಳಿಯ ಕೈಯಿಂದ ಸಂತೆಗೆ, ಸಂತೆಯಿಂದ ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಅಗತ್ಯವಿರಲಿಲ್ಲ. ನನಗೆ ಇದೆಲ್ಲ ಮೊದಲೇ ಗೊತ್ತಿತ್ತು. ಆದರೂ ಮೋಟಿ ಎಂದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಗೆ ಬಂದೆ.

ಮಾರ್ಗದರ್ಶಕರಿಗೆ ಫೋನ್ ಮಾಡಿದೆ. ನಮ್ಮ ಯೋಜನೆಯ ಮೊದಲ ನಿಯಮವೇ ನೋಡುವವರು ನೋಡಬೇಕು, ಯಾವ ಎಮ್ಮೆ ಉಳಿಯಬೇಕು, ಯಾವುದು ಹೋಗಬೇಕು ಎಂಬ ಸಾಕುವವರ ನಿರ್ಧಾರದಲ್ಲಿ ಕೈ ಹಾಕಬಾರದು ಎಂಬುದು. ನಾವೇ ಎಮ್ಮೆಯನ್ನು ಉಳಿಸುವುದು, ಕಳಿಸುವುದು ಮಾಡತೊಡಗಿದರೆ ಆಮೇಲೆ ಬರುವ ಫಲಿತಾಂಶ ತಬೇಲಾದ್ದಲ್ಲ, ನಮ್ಮದು.

"ಮಾರಲಿ ಬಿಡಮ್ಮ. ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು. ನೀನು ಮಾಡಬೇಕಿದ್ದ ಬೇರ್ಪಡಿಕೆ ಅವರೇ ಮಾಡ್ತಾರೆ. ಕುರುಡಿಯ ಹಾಲು ನೋಡ್ತಾ ಹೋಗು."

"ಸರ್, ಅದನ್ನು ವಾಪಸ್ ಕಟ್ಟೋಕೆ ಆಗಲ್ಲ."

"ಗೊತ್ತು. ಕಾರಣ ಬರೆದರಾಯ್ತು."

ಫೋನ್ ಇಟ್ಟ ಮೇಲೆ ಅವರ ಮೇಲೆ ಬಂದಷ್ಟು ಕೋಪ ನನಗೆ ಹಾಲು ಕರೆಯುವವನ ಮೇಲೂ ಬಂದಿರಲಿಲ್ಲ. ಅವರು ಹೇಳಿದ್ದು ತಪ್ಪಲ್ಲ, ಅದಕ್ಕೇ ಇನ್ನೂ ಕೋಪ. ನಿಂತಿತು ಎನ್ನು, ಕಾಯಿತು ಎನ್ನಬೇಡ ಎಂದು ಹೇಳಿಸಿಕೊಂಡು ಇಷ್ಟು ದಿನ ನಡೆದಿದ್ದೆ. ಈಗ ಹೋಯಿತು ಎಂದು ಬರೆದು, ಯಾರನ್ನು ಬಿಟ್ಟು ಹೋಯಿತು ಎಂಬುದನ್ನು ಹಾಲಿನ ಲೆಕ್ಕದಲ್ಲಿ ನೋಡುತ್ತ ಕೂರಬೇಕು. ಅದು ನನ್ನಿಂದ ಆಗುವುದಿಲ್ಲ ಎಂದು ಆ ಕ್ಷಣಕ್ಕೆ ಸ್ಪಷ್ಟವಾಯಿತು. ನಿಯಮ ಮುರಿದರೆ ಎರಡನೇ ಸುತ್ತು ಲೆಕ್ಕಕ್ಕೆ ಬರುವುದಿಲ್ಲ, ಎರಡನೇ ಸುತ್ತಿಲ್ಲದೆ ಮೊದಲನೆಯದಕ್ಕೆ ಬೆಲೆಯಿಲ್ಲ. ಅಧ್ಯಯನ ಹೋದರೆ ಹೋಗಲಿ ಎಂದುಕೊಂಡೆ.

ಕಾಕಾ ಮಂಚದ ಮೇಲೆ ಚಹಾ ಕುಡಿಯುತ್ತಿದ್ದರು. ಹೋಗಿ ಮೊಬೈಲ್ ತೆರೆದು ಎರಡೂ ವಾರದ ವಿಡಿಯೋ ತೋರಿಸಿದೆ. ಮೋಟಿ ಇದ್ದಾಗ ಕುರುಡಿ ಹೀಗೆ, ಇಲ್ಲದಾಗ ಹೀಗೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು. ಇನ್ನೊಮ್ಮೆ ಹಾಕು ಎಂದರು, ಇನ್ನೊಮ್ಮೆ ಹಾಕಿದೆ. ಅಷ್ಟು ಗಮನ ಕೊಟ್ಟು ನನ್ನ ಕೆಲಸವನ್ನು ನನ್ನ ಸಂಸ್ಥೆಯಲ್ಲೂ ಯಾರೂ ನೋಡಿರಲಿಲ್ಲ.

"ಅಂದ್ರ, ಮೋಟಿ ಹೋದ್ರ ಕುರುಡಿ ಹಾಲು ಬಿಡಂಗಿಲ್ಲ?"

"ಬಿಡಂಗಿಲ್ರಿ ಕಾಕಾ. ಎಷ್ಟು ದಿನ ಅಂತ ಹೇಳ್ಲಾಕ ಬರಂಗಿಲ್ಲ, ಆದ್ರ ಭಾಳ ತ್ರಾಸ ಮಾಡ್ಕೋತದ. ಕಣ್ಣಿಲ್ಲ, ಅದರ ಕಣ್ಣು ಮೋಟಿನೇ. ಅವೆರಡನ್ನ ಅಗಲಿಸಬ್ಯಾಡ್ರಿ."

"ಅಚ್ಛಾ" ಎಂದರು. ಚಹಾದ ಬಟ್ಟಲು ಕೆಳಗಿಟ್ಟು ಕುರುಡಿ ನಿಂತ ಕಡೆ ನೋಡಿದರು. "ಮೂಕ್ ಜಾನವಾರ. ಅದರೊಳಗೂ ಇಷ್ಟು ಮೊಹಬ್ಬತ್ ಇರ್ತದ ನೋಡು." ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಾಟಕವಲ್ಲ. ನನಗೆ ಹಾಲು ಕುಡಿಸಿದಾಗಲೂ, ಸೂಜಿ ನಿಲ್ಲಿಸಿದಾಗಲೂ ಆ ಮನುಷ್ಯ ನಾಟಕವಾಡಿದವರಲ್ಲ. ಮೋಟಿ ಉಳಿಯಿತು ಎಂದುಕೊಂಡೇ ನಾನು ಅಲ್ಲಿಂದ ಎದ್ದೆ. ಅಧ್ಯಯನ ಹಾಳಾಗಿತ್ತು, ಆದರೂ ಮನಸ್ಸು ಹಗುರವಾಗಿತ್ತು.

ಆಮೇಲೆರಡು ದಿನ ಸಂಸ್ಥೆಯಲ್ಲಿ ಸಭೆ. ನಾನು ನಿಯಮ ಮೀರಿದ್ದನ್ನು ಮಾರ್ಗದರ್ಶಕರಿಗೆ ಹೇಳಿದೆ. ಅವರು ಬೈಯಲಿಲ್ಲ. ಮೊದಲ ಸುತ್ತಿನದ್ದನ್ನು ಸಣ್ಣ ಟಿಪ್ಪಣಿಯಾಗಿ ಬರಿ, ಬೇರೆ ಜೋಡಿ ಹುಡುಕು ಎಂದರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಮರಳಿ ಹೋದ ದಿನ ತಬೇಲಾದ ಗೇಟಿನೊಳಗೆ ಹೊಸ ಹುಲ್ಲು, ಹೊಸ ಹಗ್ಗ. ನನ್ನ ಸಾಲಿನಲ್ಲಿ ಎರಡು ಹೊಸ ಎಮ್ಮೆಗಳು, ಹೊಳೆಯುವ ಮೈ, ಸುರುಳಿ ಕೋಡು. ಮೋಟಿಯ ಜಾಗದಲ್ಲಿ ಒಂದು, ಕುರುಡಿಯ ಜಾಗದಲ್ಲಿ ಇನ್ನೊಂದು. ಬೇರೆ ಸಾಲಿಗೆ ಕಟ್ಟಿರಬೇಕು ಎಂದು ಓಣಿಯ ಕೊನೆಯವರೆಗೂ ಹೋಗಿ ಬಂದೆ. ಎಲ್ಲೂ ಇರಲಿಲ್ಲ.

ಹಾಲು ಕರೆಯುವವನು ಹೊಸ ಎಮ್ಮೆಯ ಕೆಚ್ಚಲು ತೊಳೆಯುತ್ತಿದ್ದ. ತಲೆ ಎತ್ತದೆ ಹೇಳಿದ. "ಎರಡೂ ಹೋದುವ್ರಿ ಅಕ್ಕೋರ. ನಿನ್ನಿ ಮಧ್ಯಾಹ್ನ."

"ಕುರುಡಿ ಯಾಕ? ಅದರ ಹಾಲು ಇತ್ತಲ್ಲಣ್ಣಾ!"

"ಸೇಠು ಅದೇ ಅಂದ್ರು. ಇತ್ತು ಅಂತ." ಬಕೆಟ್ಟಿನ ನೀರು ಚೆಲ್ಲಿ ಎದ್ದು ನಿಂತ. "ಲಾರಿಗಿ ಹತ್ತಸಾಕ ಏನೂ ತ್ರಾಸ ಆಗಲಿಲ್ರಿ. ಕುರುಡಿ ಬಾಳ ಒದ್ದಾಡತೈತಿ ಅಂತ ನಾಕ ಮಂದಿ ನಿಂತಿದ್ವಿ. ಮೋಟಿ ಹಲಗಿ ಮ್ಯಾಲ ಮೊದಲ ಹತ್ತಿತು. ಹತ್ತಿ, ಅರ್ಧಕ್ಕ ನಿಂತು ಹಿಂದಕ್ಕ ನೋಡಿತು. ಕುರುಡಿ ಬಂದು ಗದ್ದ ಇಟ್ಟು, ಅದರ ಹಿಂದೇ ಹತ್ತಿಬಿಡ್ತು. ಬಡಿಗಿ ಮುಟ್ಟೂ ಕೆಲಸನೇ ಬರಲಿಲ್ಲ."

ಹೊಸ ಜಾಗ, ಮನೆಯ ದಾರಿಯಲ್ಲ, ಮುಂದೆ ಹಿಂಡಿಯಿಲ್ಲ, ನೀರಿಲ್ಲ. ಮೈಗಳ್ಳತನಕ್ಕೂ ಅಲ್ಲ, ಅಭ್ಯಾಸಬಲಕ್ಕೂ ಅಲ್ಲ, ನಿಂತು ಹಿಂದೆ ನೋಡಿ ಕಾದದ್ದು. ನಾನು ಎಷ್ಟೆಲ್ಲ ಪರೀಕ್ಷೆ ಕಟ್ಟಿ ಹಿಡಿಯಲಾಗದ್ದು ಲಾರಿಯ ಹಲಗೆಯ ಮೇಲೆ ನಡೆದುಹೋಗಿತ್ತು. ಆ ವಿಚಾರ ಆ ಹೊತ್ತಿನಲ್ಲೂ ನನ್ನ ತಲೆಗೆ ಬಂತಲ್ಲ ಎಂದು ನನ್ನ ಮೇಲೇ ಅಸಹ್ಯವಾಯಿತು.

ಕಾಕಾ ನನ್ನನ್ನು ನೋಡಿ ಮಂಚದಿಂದ ಎದ್ದು ಬಂದರು. ಮುಖದಲ್ಲಿ ಅಪರಾಧದ ಸುಳಿವೂ ಇಲ್ಲ. ಒಳ್ಳೆಯ ಕೆಲಸ ಮಾಡಿ ಮುಗಿಸಿದವರ ಸಮಾಧಾನ.

"ಕಾಕಾ, ಹಿಂಗ್ಯಾಕ ಮಾಡಿದ್ರಿ?" ದನಿ ಏರಿತು. "ಮೋಟಿನ್ನ ಇಟ್ಕೋರಿ ಅಂತ ಹೇಳಿದ್ನಲ್ರಿ ನಾ!"

ಅವರು ನಿಜವಾಗಿಯೂ ಆಶ್ಚರ್ಯಪಟ್ಟರು. "ಇಟ್ಕೋ ಅಂತ ಎಲ್ಲಿ ಹೇಳಿದಿ ಬೇಟಾ? ಅಗಲಿಸಬ್ಯಾಡ ಅಂದಿ. ನಾ ರಾತ್ರಿಪೂರಾ ವಿಚಾರ ಮಾಡಿದೆ. ಮೋಟಿ ಬತ್ತೇದ, ಇಡ್ಲಾಕ ಆಗಂಗಿಲ್ಲ. ಅದು ಹೋದ್ರ ಇದು ಹಾಲು ಬಿಡಂಗಿಲ್ಲ. ಸೂಜಿ ಹಾಕಿ ಬಿಡಿಸ್ಬೇಕಂದ್ರ ನಿನಗ ಜಬಾನ್ ಕೊಟ್ಟೀನಿ. ದಲ್ಲಾಳಿಗೂ ಹೇಳೀನಿ, ಒಂದೇ ಲಾರಿ, ಒಂದೇ ಹಗ್ಗ, ಸಂತ್ಯಾಗೂ ಅಗಲಿಸಿ ಮಾರಬ್ಯಾಡ ಅಂತ. ಅಂವ ನಕ್ಕ. ನಗಲಿ." ನನ್ನ ಮುಖವನ್ನೇ ನೋಡಿದರು. "ಸೂಜಿ ಬ್ಯಾಡ ಅಂದಿ, ಹಾಕಲಿಲ್ಲ. ಅಗಲಿಸಬ್ಯಾಡ ಅಂದಿ, ಅಗಲಿಸಲಿಲ್ಲ. ಇನ್ನೇನು ಮಾಡ್ಬೇಕಾಗಿತ್ತು, ನೀನೇ ಹೇಳು?"

ಅವರು ಉತ್ತರಕ್ಕಾಗಿ ನಿಂತೇ ಇದ್ದರು. ಒಳಗೆ ಮೊದಲ ಎಮ್ಮೆಯ ಹಾಲು ಕರೆಯುವ ಸದ್ದು ಶುರುವಾಯಿತು.